ಬುಧವಾರದ ಇಂಟರ್‌ವ್ಯೂ

ನವೆಂಬರ್ ೯, ಶನಿವಾರ

ಫಿಟ್ಟರ್ ಗೆಳೆಯನನ್ನು ಮಣ್ಣು ಮಾಡಿ ಬಂದೆವು.

ಒಟ್ಟಿಗೆ ದುಡಿಯುತ್ತಿದ್ದ ಗಿರಣಿ ಮುಚ್ಚಿದ ಮೇಲೆ ಅವನೂ ನಾನೂ ಒಂದೂವರೆ ವರ್ಷ ಕೆಲಸಕ್ಕಾಗಿ ಅಲೆದಿದ್ದೆವು. ಎಂಬತ್ತಾರರಲ್ಲಿ ಪಂಪ್ ಕಾರ್ಖಾನೆಯಲ್ಲಿ ಒಂದೇ ಒಂದು ಜಾಗ ಖಾಲಿಯಾಯಿತು. ಕಸುಬುಗಾರಿಕೆಯಲ್ಲಿ ನಾನು ಅವನ ಕಾಲ ಧೂಳಿಗೂ ಸಮನಲ್ಲ. ಇಂಟರ್‌ವ್ಯೂ ಬುಧವಾರವಿತ್ತು, ಅವನಿಗೆ ಗುರುವಾರ ಎಂದೆ. ಕೆಲಸ ನನಗೆ ಸಿಕ್ಕಿತು. ಅವನು ಮೂಟೆ ಹೊತ್ತೇ ಸವೆದ.

ಇವತ್ತು ಅವನ ಹೆಂಡತಿ ನನಗೆ ಟೀ ಕೊಟ್ಟು ಪಕ್ಕದಲ್ಲೇ ಕುಳಿತಳು. "ನೀವು ಸುಳ್ಳು ಹೇಳಿದ್ದು ಅವ್ರಿಗೆ ಆ ವಾರಾನೇ ಗೊತ್ತಾಯ್ತಣ್ಣ. 'ಅವನ ಮನೇಲೂ ಮಕ್ಕಳಿದಾವೆ, ಬಿಡೇ' ಅಂದ್ರು."

ನಾನು ಟೀ ಕುಡಿದು ಎದ್ದು ಬಂದೆ.

ಗೊತ್ತಿದ್ದೂ ಭಾನುವಾರ ಭಾನುವಾರ ಬಂದು ನನ್ನ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದನಲ್ಲ! ಒಂದು ಸಲವಾದರೂ ನನ್ನ ಕೊರಳಪಟ್ಟಿ ಹಿಡಿದು ಕೇಳಬಾರದಿತ್ತೇ? ಇನ್ನು ಯಾರ ಮುಂದೆ ನಿಂತು ತಪ್ಪಾಯಿತು ಎನ್ನಲಿ?