ಎಡೆಯ ಮೇಲೆ ಚಕ್ಕೆ ಬಿಸ್ಕತ್ತು

ಅತ್ತಮ್ಮನಿಗೆ, ನಿಮ್ಮ ಸೊಸೆ ರತ್ನ ಮಾಡುವ ನಮಸ್ಕಾರ.

ಎಲ್ಲ ಕ್ಷೇಮ ಅಂತ ಬರೆಯೋಣವೆಂದರೆ ಸುಳ್ಳಾಗುತ್ತದೆ. ನಿನ್ನೆ ಹಿರಿಯರ ಹಬ್ಬ. ನೀವು ಹೋದ ಮೇಲೆ ನಿಮಗೆ ಇಟ್ಟ ಮೊದಲನೇ ಎಡೆ. ಆ ಎಡೆಯ ಮುಂದೆಯೇ ನಿಮ್ಮ ಮಗಳು ನಾರಾಯಣಮ್ಮ ಅತ್ತಿಗೆಗೂ ನನಗೂ ಜಗಳವಾಯಿತು. ಯಾಕೆ ಅಂತೀರಾ? ನನ್ನ ಚಕ್ಕೆ ಬಿಸ್ಕತ್ತಿನ ದೆಸೆಯಿಂದ. ನಗಬೇಡಿ, ಪೂರ್ತಿ ಕೇಳಿ.

ಈ ಮನೆಗೆ ಬಂದ ಹೊಸದರಲ್ಲಿ ನಾನು ಮೊದಲ ಸಲ ಬಿಸ್ಕತ್ತು ಮಾಡಿದ ದಿನ ನೆನಪಿದೆಯಾ? ಗೌರಿಬಿದನೂರಿನಲ್ಲಿ ನಮ್ಮಪ್ಪ ರೈಲ್ವೆ ಕೆಲಸದಲ್ಲಿದ್ದಾಗ ಪಕ್ಕದ ಮನೆಯ ಮೇರಿಯಮ್ಮ ಕಲಿಸಿದ್ದು ಅದು. ರೇಷನ್ ಗೋಧಿಯನ್ನು ಬೀಸಿ, ಹೊಟ್ಟು ತೆಗೆಯದೆ, ಬೆಲ್ಲ, ಮನೆಯ ಬೆಣ್ಣೆ, ಕುಟ್ಟಿದ ಚಕ್ಕೆ ಹಾಕಿ ಕಲಸಿದ್ದೆ. ಲಟ್ಟಿಸಿ, ಚೌಕವಾಗಿ ಕೊಯ್ದು, ಕಡ್ಡಿಯಿಂದ ಚುಚ್ಚಿ, ಮರಳು ಹಾಸಿದ ಪಾತ್ರೆಯೊಳಗೆ ತಟ್ಟೆಯಿಟ್ಟು ಒಲೆಗೇರಿಸಿದೆ. ಮುಚ್ಚಳದ ಮೇಲೂ ಕೆಂಡ ಹರಡಿದೆ. ಅಷ್ಟರಲ್ಲಿ ನೀವು ಬಂದಿರಿ. "ಮೇಲೂ ಬೆಂಕಿ, ಕೆಳಗೂ ಬೆಂಕಿ ಇಡೋದು ಸುಡುಗಾಡಲ್ಲಿ ಕಣೇ, ಮನೆಯೊಳಗಲ್ಲ" ಅಂದು ಒಂದು ಚೊಂಬು ನೀರನ್ನು ಮುಚ್ಚಳದ ಮೇಲೆ ಸುರಿದುಬಿಟ್ಟಿರಿ. ಬೂದಿಯೆಲ್ಲ ಒಳಗಿಳಿದು ಆ ಬಿಸ್ಕತ್ತು... ನಾನು ಅಳಲಿಲ್ಲ. ಮಾರನೆಯ ದಿನ ಇದ್ದಿಲ ಒಲೆಯನ್ನು ಹಿತ್ತಲಿಗೆ ಹೊತ್ತುಕೊಂಡು ಹೋಗಿ ಮತ್ತೆ ಮಾಡಿದೆ. ಮನೆಯೊಳಗೆ ಬೇಡ ಅಂದಿದ್ದಿರಿ. ಹಿತ್ತಲಲ್ಲಿ ಬೇಡ ಅಂದಿರಲಿಲ್ಲವಲ್ಲ?

ನಿಮ್ಮ ಮಗ ಚಿಂತಾಮಣಿ ಸಂತೆಯಿಂದ ಬಿಸ್ಕತ್ತಿನ ಪೊಟ್ಟಣ ತಂದಾಗಲೂ ನೀವೂ ನಾನೂ ಕಿತ್ತಾಡಿದೆವು. ಮೈದಾ, ವನಸ್ಪತಿ, ಸಕ್ಕರೆ ಬಿಟ್ಟರೆ ಅದರಲ್ಲಿ ಏನಿದೆ, ಮಕ್ಕಳಿಗೆ ಹೊಟ್ಟೆ ಕಟ್ಟುತ್ತೆ, ನನ್ನದೇ ಕೊಡುತ್ತೇನೆ ಅಂದೆ. ನೀವು ಜಗುಲಿಯಲ್ಲಿ ಕೂತು, ಬೀದಿಗೆಲ್ಲ ಕೇಳುವ ಹಾಗೆ, "ಮುದ್ದೆ ತಿನ್ನೋ ಮನೇಲಿ ಬಿಸ್ಕತ್ತಂತೆ! ಅದು ರೋಗಿಷ್ಟರು ತಿನ್ನೋದು" ಅಂದಿರಿ. ಮಕ್ಕಳು ಮಾತ್ರ ನಿಮ್ಮ ಬೆನ್ನ ಹಿಂದೆ ನಿಂತು ನನ್ನ ಬಿಸ್ಕತ್ತನ್ನೇ ಕಟುಂ ಕಟುಂ ಅಂತ ಕಡಿಯುತ್ತಿದ್ದವು.

ನೀವು ಹಾಸಿಗೆ ಹಿಡಿದಾಗ ಚಿಕ್ಕಬಳ್ಳಾಪುರದ ಡಾಕ್ಟರು ಮುದ್ದೆ ಬಿಡಿಸಿದರು. ನಾರಾಯಣಮ್ಮ ಅತ್ತಿಗೆ ಶಿಡ್ಲಘಟ್ಟದಿಂದ ಅಂಗಡಿ ಬಿಸ್ಕತ್ತು ಹೊತ್ತು ತಂದರು. ತಿಂದರೆ ನಿಮಗೆ ಎದೆಯುರಿ. ಮನೆಯವರೆಲ್ಲ ಕಡಲೆಕಾಯಿ ಕೀಳೋಕೆ ಹೋಗಿದ್ದ ಒಂದು ಮಧ್ಯಾಹ್ನ ನೀವು ಮೆಲ್ಲಗೆ ಕರೆದಿರಿ. "ಏ ರತ್ನಾ, ನಿನ್ನ ಆ ದರಿದ್ರದ ಬಿಸ್ಕತ್ತು ಐತೇನೇ?" ಹಾಲಿನಲ್ಲಿ ಅದ್ದಿ ಕೊಟ್ಟೆ. ತಿಂದಿರಿ. ಇನ್ನೊಂದು ಕೇಳಿದಿರಿ. ಆಮೇಲೆ ನನ್ನ ಕೈ ಹಿಡಿದುಕೊಂಡು, "ನಾರಾಯಣಿಗೆ ಹೇಳ್ಬೇಡ ಕಣಮ್ಮ. ನೀರು ಸುರಿದದ್ದನ್ನ ಊರಿಗೆಲ್ಲ ಹೇಳ್ಕೊಂಡು ತಿರುಗಿದೀನಿ, ನನ್ನ ಮರ್ಯಾದೆ ಏನಾಗ್ಬೇಕು" ಅಂದಿರಿ. ಹೇಳಲ್ಲ ಅಂತ ಮಾತು ಕೊಟ್ಟೆ, ಅವತ್ತಿನಿಂದ ದಿನವೂ ಎರಡು ಬಿಸ್ಕತ್ತು ನಿಮ್ಮ ದಿಂಬಿನ ಕೆಳಗೆ ಇಡುತ್ತಾ ಬಂದೆ. ಅವತ್ತು ನನಗೆ ಎಷ್ಟು ಸಂತೋಷವಾಯಿತು, ಎಷ್ಟು ಹೊಟ್ಟೆ ಉರಿಯಿತು, ಎರಡೂ ನಿಮಗೆ ಗೊತ್ತಿರಲಿ. ಗೆದ್ದೆ ಅಂತ ಯಾರ ಹತ್ತಿರ ಹೇಳಿಕೊಳ್ಳಲಿ?

ನಿನ್ನೆ ಕಳಶಕ್ಕೆ ಹೊಸ ಸೀರೆ ಉಡಿಸಿ, ಬಾಳೆಎಲೆಯ ಮೇಲೆ ಮುದ್ದೆ, ಕೋಳಿ ಸಾರು, ವಡೆ ಎಲ್ಲ ಬಡಿಸಿ, ಕೊನೆಗೆ ನನ್ನ ಬಿಸ್ಕತ್ತೂ ಇಟ್ಟೆ. ಅತ್ತಿಗೆ ನೋಡಿದ್ದೇ ತಡ, ಶುರುವಾಯಿತು.

"ತೆಗಿ ಅದನ್ನ. ಅಮ್ಮ ಬದುಕಿದ್ದಾಗ ಮುಟ್ಟದ್ದನ್ನ ಸತ್ತ ಮೇಲೆ ತಿನ್ನಿಸ್ತೀಯಾ? ನಿನ್ನ ಹಟ ಸಾಧಿಸ್ಕೊಳ್ಳೋಕೆ ಎಡೇನೇ ಬೇಕಾಗಿತ್ತಾ?"

ನಿಮ್ಮ ಮಗನೂ "ಹೋಗ್ಲಿ, ತೆಗೆದುಬಿಡು" ಅಂದರು. ಒಂದು ಮಾತು ಹೇಳಿದ್ದರೆ ಎಲ್ಲರ ಬಾಯಿ ಮುಚ್ಚುತ್ತಿತ್ತು. ಆ ಮಾತು ನಾಲಿಗೆ ತುದಿಗೆ ಬಂದಿತ್ತು, ಅತ್ತಮ್ಮ. ಹೇಳಲಿಲ್ಲ. ಆದರೆ ತೆಗೆಯಲೂ ಇಲ್ಲ. ಎಡೆ ಅಂದರೆ ಹೋದವರಿಗೆ ಇಷ್ಟವಾದದ್ದು ಇಡೋದು ತಾನೇ? ಊರಿಗೆ ಹೆದರಿ ಇಡೋದಾ?

"ತೆಗೆಯಲ್ಲ ಅತ್ತಿಗೆ. ಇದನ್ನ ತೆಗೆದ್ರೆ ನಾನು ಎಡೆಗೆ ಕೈ ಮುಗಿಯಲ್ಲ" ಅಂದೆ.

ಅತ್ತಿಗೆ ತಾವೇ ಬಗ್ಗಿ ಬಿಸ್ಕತ್ತುಗಳನ್ನು ಬಾಚಿಕೊಂಡು ಹಿತ್ತಲ ಕಡೆ ನಡೆದರು. ಬಾಗಿಲ ಹತ್ತಿರ ನಿಂತರು. ಕೈಯನ್ನು ಮೂಗಿನ ಹತ್ತಿರ ತಂದುಕೊಂಡರು.

"ಈ ವಾಸನೆ ಅಮ್ಮನ ದಿಂಬಿನಲ್ಲಿತ್ತು. ಏನಮ್ಮ ಇದು ಅಂದ್ರೆ, ಕಷಾಯದ ಚಕ್ಕೆ ಅಂದಿದ್ಲು" ಅಂದು ನನ್ನ ಕಡೆ ತಿರುಗಿದರು. "ಯಾವಾಗಿಂದ ತಿಂತಿದ್ಲು?"

"ಅತ್ತಮ್ಮನ್ನೇ ಕೇಳಿ" ಅಂದೆ.

ಅವರು ಎಡೆಯ ಹತ್ತಿರ ಬಂದು ಬಿಸ್ಕತ್ತುಗಳನ್ನು ಎಲೆಯ ತುದಿಯಲ್ಲಿ, ಉಪ್ಪಿನ ಹತ್ತಿರ ಇಟ್ಟರು. ನಾನು ಅವನ್ನು ಎತ್ತಿ ಮುದ್ದೆಯ ಪಕ್ಕಕ್ಕೆ ಇಟ್ಟೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು ಕರ್ಪೂರ ಹಚ್ಚಿದರು.

ನಿಮಗೆ ಕೊಟ್ಟ ಮಾತಿಗೆ ನಾನು ತಪ್ಪಲಿಲ್ಲ. ಸಿಕ್ಕಿಬಿದ್ದದ್ದು ನೀವೇ. ಬರುವ ವರ್ಷವೂ ಮಾಡುತ್ತೇನೆ, ಅದರ ಮುಂದಿನ ವರ್ಷವೂ, ಯಾರು ಬೇಡ ಅಂದರೂ. ಇನ್ನು ಕದ್ದು ತಿನ್ನಬೇಕಾಗಿಲ್ಲ ಅತ್ತಮ್ಮ, ನಿಮ್ಮ ಮಗಳ ಎದುರಿಗೇ ಕೂತು ತಿನ್ನಿ.

ನಿಮ್ಮ ಸೊಸೆ,
ರತ್ನ