ಸಾಕ್ಷಿಕಡ್ಡಿ ಮುಟ್ಟದ ತುತ್ತು

ಆಲಮಟ್ಟಿ ಹಿನ್ನೀರು,
ಬಿಸಿಲುತಿಂಗಳು ೧೨, ೨೧೫೧

ಪ್ರೀತಿಯ ನೀಲಾಂಬಿಕಾ ಅಜ್ಜಿ,

ತಾರೀಖು ನೋಡಿ ಗಾಬರಿಯಾಗಬೇಡಿ. ನಿಮ್ಮ ಕ್ಯಾಲೆಂಡರಿನಲ್ಲಿ ಬಿಸಿಲುತಿಂಗಳು ಎಂಬುದಿಲ್ಲ, ಗೊತ್ತು. ನಮ್ಮ ಕಾಲದಲ್ಲಿ ಮೇ ಮತ್ತು ಜೂನ್ ನಡುವೆ ಅದನ್ನು ಸೇರಿಸಿದ್ದಾರೆ. ಬೇಕಾದ ದಿನಗಳನ್ನು ಉಳಿದ ತಿಂಗಳುಗಳಿಂದ ಒಂದಿಷ್ಟು, ಒಂದಿಷ್ಟು ಕತ್ತರಿಸಿ ತೆಗೆದರಂತೆ. ಆ ತಿಂಗಳು ಶಾಲೆ, ಕಚೇರಿ, ಕೋರ್ಟು ಎಲ್ಲಕ್ಕೂ ರಜೆ; ಹಗಲು ಹೊತ್ತು ರಸ್ತೆಗೆ ಯಾರೂ ಇಳಿಯುವುದಿಲ್ಲ. ಹಾಗಾಗಿ ಎಲ್ಲ ಮದುವೆಗಳೂ ಈ ತಿಂಗಳಲ್ಲೇ, ನೀರಿನ ಮೇಲೆ ನಡೆಯುತ್ತವೆ. ನನ್ನದೂ ಹಾಗೇ ಆಯಿತು! ಉಗುರಿನ ಅರಿಸಿನ ಇನ್ನೂ ಹೋಗಿಲ್ಲ.

ನಾನು ತಾರಿಣಿ. ನಿಮ್ಮ ಮೊಮ್ಮಗಳ ಮೊಮ್ಮಗಳು. ಈ ಪತ್ರ ನಿಮ್ಮನ್ನು ತಲುಪುವ ಹೊತ್ತಿಗೆ ನಿಮಗೆ ಇನ್ನೂ ಮದುವೆಯೇ ಆಗಿರುವುದಿಲ್ಲ, ವಯಸ್ಸಿನಲ್ಲಿ ನನಗಿಂತ ಚಿಕ್ಕವರಿರುತ್ತೀರಿ. ಆದರೂ ಅಜ್ಜಿ ಎಂದೇ ಕರೆಯುತ್ತೇನೆ, ಸಿಟ್ಟಾಗಬೇಡಿ. ಓದಿದ್ದೆಲ್ಲ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಇಷ್ಟು ಉದ್ದದ ಪತ್ರ ಬರೆಯುತ್ತಿರುವುದು ಇದೇ ಮೊದಲು. ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಬಹುದು, ಕ್ಷಮಿಸಿ. ಖುಷಿ ಹೆಚ್ಚಾಗಿ ಅಲ್ಲಲ್ಲಿ ದಾರಿ ತಪ್ಪಿದರೆ ಅದನ್ನೂ ಕ್ಷಮಿಸಿ.

ಈಗ ನೀವು ಹೇಗಿದ್ದೀರಿ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಗೆಳತಿಯ ನಿಶ್ಚಿತಾರ್ಥಕ್ಕೆ ಹೋಗಿ, ಹೋಟೆಲಿನಲ್ಲಿ ಪೂರಿ ಮುಟ್ಟದೆ, ಹೋಳಿಗೆ ಮುಟ್ಟದೆ, ಬರೀ ಅನ್ನ ಸಾರು ಉಂಡು ಬಂದಿರಿ. ಆದರೂ ಎರಡು ದಿನ ಹಾಸಿಗೆ ಹಿಡಿದಿರಿ. ತಪ್ಪು ಸಾರಿನ ಒಗ್ಗರಣೆಯದು. ನಿಮ್ಮ ಕಾಲದ ಡಬ್ಬಿ ಇಂಗಿನಲ್ಲಿ ಎಷ್ಟೋ ಸಲ ಗೋಧಿ ಹಿಟ್ಟು ಬೆರೆಸಿರುತ್ತಿದ್ದರಂತೆ. ಅದು ನಿಮಗೂ ಗೊತ್ತಿರಲಿಲ್ಲ, ಬಡಿಸಿದವರಿಗೂ ಗೊತ್ತಿರಲಿಲ್ಲ. ಈಗ ನೀವು ಗೋಡೆ ಕಡೆ ತಿರುಗಿ ಮಲಗಿ, ಇನ್ನು ಹೊರಗೆ ಒಂದು ಅಗುಳೂ ಉಣ್ಣುವುದಿಲ್ಲ, ತಮ್ಮನ ಮದುವೆಯಲ್ಲೂ ಪಂಕ್ತಿಗೆ ಬರುವುದಿಲ್ಲ ಎಂದು ಹೇಳಿದ್ದೀರಿ. ಮದುವೆ ಮುಂದಿನ ತಿಂಗಳು. ಅದಕ್ಕೇ ಅವಸರದಲ್ಲಿ ಬರೆಯುತ್ತಿದ್ದೇನೆ.

ಗೋಧಿ ಒಗ್ಗದ ನಿಮ್ಮ ಆ ಹೊಟ್ಟೆ ಈಗ ನನ್ನದು. ಅಮ್ಮನಿಗೆ ಬರಲಿಲ್ಲ, ಅಣ್ಣನಿಗೆ ಬರಲಿಲ್ಲ, ನೇರವಾಗಿ ನನಗೆ ಬಂತು. ನೀವು ಗ್ಲುಟೆನ್ ಎನ್ನುವುದನ್ನು ನಾವು ಗೋಧಿಯಂಟು ಎನ್ನುತ್ತೇವೆ. ಹೊರಗೆ ಉಣ್ಣುವಾಗ ನನ್ನಂಥವರು ಸೊಂಟಕ್ಕೆ ಸಾಕ್ಷಿಕಡ್ಡಿಯ ಕೊಳವೆ ಸಿಕ್ಕಿಸಿಕೊಂಡಿರುತ್ತೇವೆ. ಬೆಂಕಿಕಡ್ಡಿಯಷ್ಟೇ ಇರುವ ಬಿಳಿ ಕಡ್ಡಿ ಅದು. ಸಾರಿಗೋ ಪಲ್ಯಕ್ಕೋ ಅದ್ದಿದರೆ, ಗೋಧಿಯಂಟು ಇದ್ದಲ್ಲಿ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗುತ್ತದೆ. ನೋವು ಬಾರದಂತೆ ಮಾಡುವ ಗುಳಿಗೆ ಮಾತ್ರ ನಮ್ಮಲ್ಲೂ ಇಲ್ಲ. ಚಂದ್ರನ ಮೇಲೆ ಬದನೆ ಬೆಳೆಯುತ್ತಾರೆ, ಇದಕ್ಕೊಂದು ಗುಳಿಗೆ ಮಾಡಲಾಗಲಿಲ್ಲ.

ಇನ್ನು ನನ್ನ ಗಂಡನ ವಿಷಯ. ಹೆಸರು ಸೋಮನಿಂಗ. ನೋಡಿ, ಬರೆದೇಬಿಟ್ಟೆ! ಅವನ ಊರಿನ ಕಡೆ ಹೊಸ ಮದುಮಗಳು ಗಂಡನ ಹೆಸರನ್ನು ಸುಮ್ಮನೆ ಹೇಳುವಂತಿಲ್ಲ, ಪ್ರಾಸದ ಸಾಲಿನಲ್ಲಿ ಹೆಣೆದು, ಒಡಪು ಕಟ್ಟಿಯೇ ಹೇಳಬೇಕು. ಈ ಪದ್ಧತಿ ನಿಮಗೂ ಗೊತ್ತಿರುತ್ತದೆ. ನಮ್ಮ ಕಾಲದಲ್ಲಿ ಅದು ದೊಡ್ಡದಾಗಿ ಬೆಳೆದು ‘ಹೆಸರುತುತ್ತು’ ಆಗಿದೆ. ಮದುವೆಯಾದ ವಾರದಲ್ಲಿ ಗಂಡಿನ ಕಡೆಯವರು ಜೋಡಿಯನ್ನು ತೇಲುಖಾನಾವಳಿಗೆ ಕರೆದೊಯ್ಯುತ್ತಾರೆ. ಹಿನ್ನೀರಿನ ಮೇಲೆ ಚಪ್ಪಟೆ ದೋಣಿಗಳನ್ನು ಜೋಡಿಸಿ ಕಟ್ಟಿದ ಊಟದ ಮನೆ ಅದು. ಚಾವಣಿ ಬಿಸಿಲು ಕುಡಿದು ಒಲೆ ಉರಿಸುತ್ತದೆ. ತಟ್ಟೆಗಳು ಜೋಳದ ದಂಟಿನವು. ಊಟ ಮುಗಿದ ಮೇಲೆ ಅವನ್ನು ದಡಕ್ಕೆ ಎಸೆದರೆ ಆಡುಗಳು ಕಾದು ನಿಂತಿರುತ್ತವೆ. ಅಲ್ಲಿ ಗಂಡ ಮೊದಲು ತನ್ನ ಕೈಯಾರೆ ಮಾದೇಲಿ ಕಲಸಿ ಹಿರಿಯರಿಗೆಲ್ಲ ಬಡಿಸಬೇಕು. ಆಮೇಲೆ ಹೆಂಡತಿ ಅವನ ಹೆಸರು, ಅವನು ಹೆಂಡತಿಯ ಹೆಸರು ಒಡಪಿನಲ್ಲಿ ಹೇಳಿ ಒಬ್ಬರಿಗೊಬ್ಬರು ತುತ್ತು ಕೊಡಬೇಕು. ಹೆಸರು ಬರುವ ತನಕ ಯಾರೂ ಊಟ ಶುರುಮಾಡುವುದಿಲ್ಲ.

ಮಾದೇಲಿ ಎಂದರೆ ಬೆಲ್ಲ, ಏಲಕ್ಕಿ ಬೆರೆಸಿದ ಪುಡಿಪುಡಿ ಸಿಹಿ, ಅಪ್ಪಟ ಗೋಧಿ, ನಿಮಗೆ ಹೇಳಬೇಕೆ? ನಮ್ಮಿಬ್ಬರ ಪಾಲಿಗೆ ಬೇರೆಯೇ ಅಡುಗೆ ಮಾಡಿಸಿದ್ದರು. ಜೋಳದ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳು ಪಲ್ಯ, ಶೇಂಗಾ ಚಟ್ನಿ, ಮೊಸರು. ಖಾನಾವಳಿಯ ರಾಚವ್ವ ನನ್ನನ್ನು ಒಲೆಯ ತನಕ ಕರೆದೊಯ್ದು, “ಅದ್ದವಾ ನಿನ್ನ ಕಡ್ಡಿ. ಅನುಮಾನ ಇಟ್ಕೊಂಡ ಉಂಡರ ಅಮೃತಾನೂ ದಕ್ಕಂಗಿಲ್ಲ” ಎಂದರು. ನಾನು ಒಂದೊಂದು ಪಾತ್ರೆಗೂ ಅದ್ದಿದೆ. ಎಲ್ಲ ಬೆಳ್ಳಗೇ ಉಳಿದವು. ಸೋಮನಿಂಗ ನನ್ನ ಹಿಂದೆಯೇ ನಿಂತು, ಪರೀಕ್ಷೆಯ ಫಲಿತಾಂಶ ಕಾಯುವ ಹುಡುಗನ ಹಾಗೆ ಕಡ್ಡಿಯನ್ನೇ ನೋಡುತ್ತಿದ್ದ. ಅದನ್ನು ನೆನೆದರೆ ಈಗಲೂ ನಗು ಬರುತ್ತದೆ, ಸ್ವಲ್ಪ ಅಳುವೂ ಬರುತ್ತದೆ.

ಆಮೇಲೆ ಅವನು ಹೋಗಿ ದೊಡ್ಡ ಪರಾತದಲ್ಲಿ ಮಾದೇಲಿಗೆ ತುಪ್ಪ ಹಾಕಿ ಎರಡೂ ಕೈಯಿಂದ ಕಲಸಿದ, ಬಡಿಸಿದ, ಸಾಬೂನು ಹಚ್ಚಿ ಕೈ ತೊಳೆದು ಬಂದ. ಎಲ್ಲರೂ “ಹೆಸರು! ಹೆಸರು!” ಎಂದು ಕೂಗತೊಡಗಿದ್ದರು. ಅತ್ತೆ ಕಾಶವ್ವ ಎಲ್ಲರಿಗಿಂತ ಜೋರು: “ಇಂಗ್ಲಿಷ್ ಸಾಲಿ ಕಲತಾಕಿಗೆ ಒಡಪ ಬರತೈತೋ ಇಲ್ಲೋ ನೋಡೂಣು.” ಬಾರದೆ ಏನು? ಮದುವೆಗೆ ಮೊದಲೇ ಬಾಯಿಪಾಠ ಮಾಡಿಟ್ಟಿದ್ದೆ. ‘ಕೃಷ್ಣಾ ಹೊಳಿ ತುಂಬಿದರ ದಾಟಾಕ ದೋಣಿ ಬೇಕು, ಸೋಮನಿಂಗರಾಯರು ನಕ್ಕರ ನನಗ ಅಷ್ಟ ಸಾಕು’ ಎಂದೆ. ದೋಣಿ ಅಲುಗಾಡುವಷ್ಟು ಚಪ್ಪಾಳೆ. ಅವನೂ ನನ್ನ ಹೆಸರಿನ ಒಡಪು ಹೇಳಿ, ರೊಟ್ಟಿ ಮುರಿದು ಎಣ್ಣೆಗಾಯಿಯಲ್ಲಿ ಅದ್ದಿ ನನ್ನ ಬಾಯಿಗಿಟ್ಟ. ಬದನೆಕಾಯಿಯ ಖಾರದ ನಡುವೆ ಒಂದು ಸಿಹಿ ಹರಳು ಹಲ್ಲಿಗೆ ಸಿಕ್ಕಿತು. ಬೆಲ್ಲ, ಏಲಕ್ಕಿ. ನುಂಗಿಯೇ ಬಿಟ್ಟಿದ್ದೆ. ಆಮೇಲೆ ಅವನ ಮಣಿಕಟ್ಟು ನೋಡಿದೆ. ಮದುವೆಯ ಕಂಕಣ, ಅರಿಸಿನದ ಕೊಂಬು ಕಟ್ಟಿದ ಹಸಿ ದಾರ, ತುಪ್ಪದಲ್ಲಿ ನೆನೆದಿತ್ತು. ಅದರ ಎಳೆಎಳೆಗೂ ಮಾದೇಲಿ ಅಂಟಿಕೊಂಡು, ಉದುರುತ್ತಿತ್ತು.

ಕಂಕಣವನ್ನು ಹೊತ್ತಿಗೆ ಮೊದಲು ಬಿಚ್ಚುವಂತಿಲ್ಲ, ಉಜ್ಜಿ ತೊಳೆಯುವಂತೆಯೂ ಇಲ್ಲ. ಆದ್ದರಿಂದ ಕೈ ತೊಳೆಯುವಾಗ ಅವನು ಅದನ್ನು ಜೋಪಾನವಾಗಿ ಮೇಲೆ ಸರಿಸಿ ತೊಳೆದಿದ್ದ. ನಾನು ಒಂದೊಂದು ಪಾತ್ರೆಗೂ ಕಡ್ಡಿ ಅದ್ದಿದವಳು, ಆ ಕೈಗೆ ಅದ್ದಬೇಕೆಂದು ಯೋಚಿಸಲೂ ಇಲ್ಲ. ಯಾರು ಯೋಚಿಸುತ್ತಾರೆ ಹೇಳಿ?

ಅಲ್ಲೇ ಹೇಳಬಹುದಿತ್ತು. ಆದರೆ ಅವನ ಮುಖದಲ್ಲಿ ಎಂಥ ಸಂತೋಷವಿತ್ತೆಂದರೆ, ಅದನ್ನು ಕೆಡಿಸಲು ಮನಸ್ಸಾಗಲಿಲ್ಲ. ಎರಡು ಲೋಟ ನೀರು ಕುಡಿದು ನಗುತ್ತ ಕೂತೆ. ಸಂಜೆಗೆ ಹೊಟ್ಟೆ ಉಬ್ಬಿತು. ಬೆಳಗ್ಗೆ ಎದ್ದಾಗ ತಲೆಯೊಳಗೆ ಹತ್ತಿ ತುಂಬಿದಂತಿತ್ತು, ಕೀಲುಗಳು ನೋಯುತ್ತಿದ್ದವು, ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಂಡೆ. ಬಾಗಿಲ ಹೊರಗೆ ಅತ್ತೆ ನಿಂತಿದ್ದರು. “ಯಾಕವಾ ತಾರಿಣಿ, ಮಾರಿ ಬಾಡೇತಿ? ಹುಳಿ ತಿನ್ನಬೇಕ ಅನಸ್ತೈತೇನು?” ಎಂದು ಕೇಳಿದರು. ಬಿಸಿಲಿಗೆ ಹೀಗಾಗಿದೆ ಅಂದೆ. ಅವರು ಬಿಸಿಲನ್ನು ನಂಬಲಿಲ್ಲ. ಒಳಗೆ ಹೋಗಿ ಯಾರಿಗೋ ಪಿಸುಗುಟ್ಟಿದ್ದು ನನಗೂ ಕೇಳಿಸಿತು: “ಇಷ್ಟ ಲಗೂನ? ಹುಡಗರು ಭಾಳ ಶಾಣ್ಯಾ ಅದಾರ ಬಿಡವಾ!” ಅಜ್ಜಿ, ಮದುವೆಯಾಗಿ ಒಂದು ವಾರ! ಹೊಟ್ಟೆನೋವಿನಲ್ಲೂ ನಾಚಿಕೆಯಿಂದ ಸಾಯುವಂತಾಯಿತು.

ಸ್ವಲ್ಪ ಹೊತ್ತಿಗೆ ಅತ್ತೆ ಹಬೆಯಾಡುವ ಬಟ್ಟಲು ಹಿಡಿದು ಬಂದರು. ಸಜ್ಜಕ. ಗೋಧಿ ರವೆ, ಬೆಲ್ಲ, ಮೇಲೆ ಒಂದು ಸೌಟು ತುಪ್ಪ. ಬಸುರಿ ಸೊಸೆಗೆ ಅವರ ಮನೆಯಲ್ಲಿ ಮೊದಲು ಕೊಡುವುದೇ ಅದು. ಖುಷಿಯ ಭರದಲ್ಲಿ ನನ್ನ ಕಾಯಿಲೆಯನ್ನೇ ಮರೆತಿದ್ದರು. ಅವರ ಹಿಂದೆ ಸೋಮನಿಂಗ, ಏನೂ ಅರ್ಥವಾಗದ ಮುಖ ಹೊತ್ತು ನಿಂತಿದ್ದ. ನಾನು ಹೇಳದೆ ಮುಚ್ಚಿಟ್ಟ ಒಂದು ಹರಳು ಈಗ ಒಂದು ಬಟ್ಟಲಾಗಿ ನನ್ನ ಮುಂದೆ ಬಂದಿತ್ತು. ಹೇಳಲೇಬೇಕಾಯಿತು. ಕೊಳವೆಯಿಂದ ಕಡ್ಡಿ ತೆಗೆದು ಅವನ ಕಂಕಣಕ್ಕೆ ಒತ್ತಿ ಹಿಡಿದೆ. ಅದು ನೇರಳೆ ಬಣ್ಣಕ್ಕೆ ತಿರುಗಿತು.

ಅವನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡ. ಇನ್ನೆಂದೂ ನನಗೆ ತುತ್ತು ಕೊಡುವುದಿಲ್ಲ ಎಂಬುದು ಆ ಮುಖದಲ್ಲೇ ಬರೆದಿತ್ತು. ವಾಂತಿಗಿಂತ ಹೆಚ್ಚು ನನಗೆ ಭಯವಾದದ್ದು ಅದಕ್ಕೇ. ಆಗ ಅತ್ತೆ ಬಟ್ಟಲನ್ನು ಕೆಳಗಿಟ್ಟು, “ಬಿಚ್ಚಲೇ ಆ ಕಂಕಣ” ಎಂದರು. ಅವನು, “ಅವ್ವಾ, ಇನ್ನೂ ಹೊತ್ತ ಬಂದಿಲ್ಲ” ಎಂದ. “ಹೊತ್ತ ಇಟ್ಟಾಕಿನೂ ನಾನ, ತಗ್ಯಾಕಿನೂ ನಾನ. ಸೊಸಿ ಹೊಟ್ಟಿಗಿಂತ ದಾರ ದೊಡ್ಡದೇನು?” ಎಂದು ಅವರೇ ಕತ್ತರಿ ತಂದರು. ಆಮೇಲೆ ನನ್ನ ಕಡೆ ತಿರುಗಿ, “ನೀನೂ ಹಂಗ. ಬಾಯಿ ತಿನ್ನಾಕಷ್ಟ ಇಲ್ಲವಾ, ಹೇಳಾಕೂ ಐತಿ” ಎಂದರು. ಬೈಸಿಕೊಂಡು ಇಷ್ಟು ಹಗುರವಾದದ್ದು ನನಗೆ ಅದೇ ಮೊದಲು.

ನಿಮಗೆ ಉಪಯೋಗಕ್ಕೆ ಬರಲಿ ಎಂದು ಮುಂದಿನದ್ದನ್ನು ಸರಿಯಾಗಿ ಹೇಳುತ್ತೇನೆ. ಒಳಗೆ ಹೋದದ್ದನ್ನು ಹೊರಗೆ ಎಳೆಯಲಾಗುವುದಿಲ್ಲ, ಅದಾಗಿಯೇ ಹೋಗಬೇಕು; ಬೆರಳು ಹಾಕಿ ವಾಂತಿ ಮಾಡಿಕೊಳ್ಳಬೇಡಿ, ಭೇದಿ ಔಷಧ ಕುಡಿಯಬೇಡಿ. ನಾನು ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಗುಟುಕು ಗುಟುಕಾಗಿ ಕುಡಿದೆ. ಹೊಟ್ಟೆಯ ಮೇಲೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಲಗಿದೆ. ಹಸಿವಾದಾಗ ಅಕ್ಕಿ ಗಂಜಿ, ಮರುದಿನ ಮೆತ್ತಗಿನ ಅನ್ನ. ಹಾಲು, ಕರಿದದ್ದು ಕೆಲವು ದಿನ ಬೇಡ ಎನಿಸಿತು, ಬಿಟ್ಟೆ. ವಾಂತಿ ನಿಲ್ಲದಿದ್ದರೆ, ನೀರೂ ಒಳಗೆ ಉಳಿಯದಿದ್ದರೆ, ರಕ್ತ ಕಂಡರೆ ಕಾಯುತ್ತ ಕೂರಬಾರದು, ಡಾಕ್ಟರ ಬಳಿ ಹೋಗಬೇಕು. ನನಗೆ ಅಷ್ಟಾಗಲಿಲ್ಲ. ಹೇಗೂ ಹೊಟ್ಟೆ ಕೆಟ್ಟಿದೆ, ಇವತ್ತೊಂದು ದಿನ ಮಾದೇಲಿಯನ್ನೂ ತಿಂದುಬಿಡೋಣ ಎಂದು ಮನಸ್ಸು ಹೇಳುತ್ತದೆ. ಕೇಳಬೇಡಿ. ಮತ್ತೆ ಅಳು ಬರುತ್ತದೆ, ಕಾರಣವಿಲ್ಲದೆ ಎಲ್ಲರ ಮೇಲೂ ಸಿಟ್ಟು ಬರುತ್ತದೆ. ನನಗೆ ಅದೂ ಹೊಟ್ಟೆಯ ಜೊತೆಗೇ ಬಂತು, ಹೊಟ್ಟೆಯ ಜೊತೆಗೇ ಹೋಯಿತು. ಆ ಸಿಟ್ಟಿನಲ್ಲಿ ಇಡೀ ಜೀವನದ ತೀರ್ಮಾನ ಮಾಡಬೇಡಿ, ಅಜ್ಜಿ. ನೀವು ಗೋಡೆ ಕಡೆ ತಿರುಗಿ ಹೇಳಿದ ಮಾತು ಆ ಸಿಟ್ಟಿನದೇ.

ನಿನ್ನೆ ಮತ್ತೆ ರಾಚವ್ವನ ತೇಲುಖಾನಾವಳಿಗೆ ಹೋದೆವು. ನಾನೇ ಹಟ ಹಿಡಿದೆ. ಈ ಸಲ ಮಾದೇಲಿ ಕಲಸಿದ್ದು ಅತ್ತೆ. ಸೋಮನಿಂಗ ಮೊಣಕೈ ತನಕ ಕೈ ತೊಳೆದು, ಉಗುರು ಉಜ್ಜಿ, ಬರಿ ಮಣಿಕಟ್ಟು ನನ್ನ ಮುಂದೆ ಚಾಚಿದ. ಕಡ್ಡಿ ಇಟ್ಟೆ. ಬೆಳ್ಳಗೇ ಉಳಿಯಿತು. “ಪಾಸ್ ಆದ್ನೇನು?” ಎಂದು ಕೇಳಿದ. ಮತ್ತೆ ಎಲ್ಲರೂ ಹೆಸರು, ಹೆಸರು ಎಂದು ಕೂಗಿದರು. ಬಾಯಿಪಾಠ ಮಾಡಿದ ಒಡಪು ಮುಗಿದಿತ್ತು, ಅಲ್ಲೇ ಒಂದು ಕಟ್ಟಿದೆ: ‘ಜ್ವಾಳದ ರೊಟ್ಟಿಗೆ ಬೆಣ್ಣಿ ಮುದ್ದಿ, ಕೈ ತೊಳದ ಬಂದ ಸೋಮನಿಂಗರಾಯರಿಗೆ ಈಗ ಬಂತು ಬುದ್ಧಿ.’ ಅತ್ತೆ ನಕ್ಕು ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡರು. ತುತ್ತು ಬರೀ ಖಾರವಾಗಿತ್ತು. ಎಷ್ಟು ರುಚಿ ಇತ್ತು ಅಂತೀರಿ!

ಈಗ ನನ್ನ ಕೋರಿಕೆ. ನಿಮ್ಮ ತಮ್ಮನ ಮದುವೆಯ ದಿನದ ಬಗ್ಗೆ ನಮ್ಮ ಮನೆಯಲ್ಲಿ ಎರಡು ಕಥೆಗಳಿವೆ. ಪಂಕ್ತಿ ನಡೆಯುವಾಗ ನೀವು ಮಹಡಿಯ ಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದಿರಿ, ಆಮೇಲೆ ಬದುಕಿರುವ ತನಕ ಯಾರ ಮನೆಯಲ್ಲೂ ಉಣ್ಣಲಿಲ್ಲ ಎಂದು ದೊಡ್ಡಮ್ಮ ಹೇಳುತ್ತಾರೆ. ಚಿಕ್ಕಮ್ಮ ಹೇಳುವುದೇ ಬೇರೆ. ನೀವು ಬೆಳಗ್ಗೆಯೇ ಅಡುಗೆಯವರ ಹತ್ತಿರ ಹೋಗಿ, ಇಂಗು ಹಾಕುವ ಮೊದಲು ನಿಮ್ಮ ಪಾಲಿನ ಸಾರು ತೆಗೆದಿಡಿಸಿ, ಬಡಿಸಲು ಬೇರೆ ಸೌಟು ಕೇಳಿ, ತಮ್ಮನ ಪಕ್ಕದ ಎಲೆಯಲ್ಲೇ ಕೂತು ಉಂಡಿರಿ, ಅವನು ತುತ್ತು ಕೊಡಲು ಬಂದಾಗ “ಮೊದಲು ಕೈ ತೊಳ್ಕೊಂಡು ಬಾರೋ” ಎಂದು ಎಲ್ಲರೆದುರು ಕಳಿಸಿದಿರಿ, ಅವನು ಹೋಗಿ ತೊಳೆದು ಬಂದ ಎಂದು ಹೇಳುತ್ತಾರೆ. ಯಾವುದು ನಿಜ ಎಂದು ಹೇಳುವವರು ನಮ್ಮಲ್ಲಿ ಯಾರೂ ಉಳಿದಿಲ್ಲ.

ನಿಮಗೆ ಮಾತ್ರ ಇನ್ನೂ ಸಮಯವಿದೆ. ಚಿಕ್ಕಮ್ಮನ ಕಥೆಯನ್ನು ನಿಜ ಮಾಡಿ, ಅಜ್ಜಿ.

ನಿಮ್ಮ ಹೊಟ್ಟೆಯನ್ನೇ ಹೊತ್ತುಕೊಂಡು, ಈಗಷ್ಟೇ ಉಂಡೆದ್ದಿರುವ
ತಾರಿಣಿ