ಹೊಳೆಯ ತಿರುವಿನ ಬಿಳಿ ವ್ಯಾನು

ತೋಟದ ಮನೆ, ಹಾರೂಗೇರಿ
೧೪ ಮೇ ೨೦೨೫, ಬುಧವಾರ

ಅಪೂರ್ವಳ ಅಪ್ಪನವರಿಗೆ ನಮಸ್ಕಾರ.

ಸೋಮವಾರ ರಾತ್ರಿ ನಿಮ್ಮ ವ್ಯಾನಿನ ಹಿಂದಿನ ಎರಡೂ ಗಾಲಿಗಳ ಗಾಳಿ ಹೋದದ್ದು ಜಾಲಿ ಮುಳ್ಳಿನಿಂದಲ್ಲ. ಇಬ್ಬರು ಬಂದು ತೆಗೆದರು. ಇದನ್ನು ಹೇಳಿದವರು ಕುರಿ ಕಾಯುವ ಬೀರದೇವ ಕಾಕಾ. ನಿಮ್ಮಿಂದ ನೂರು ಮಾರು ದೂರದಲ್ಲಿ, ಹಿಂಡಿನ ನಡುವೆ ಕಂಬಳಿ ಹೊದ್ದು ಮಲಗಿದ್ದರು. ಒಬ್ಬ ಟಾರ್ಚ್ ಹಿಡಿದಿದ್ದನಂತೆ, ಇನ್ನೊಬ್ಬ ಕೂತು ಗಾಳಿ ಬಿಟ್ಟನಂತೆ. “ಈ ಸಲ ಗಾಳಿ ಅಷ್ಟ ತಗದೇವಿ. ಇನ್ನೊಮ್ಮಿ ಇಲ್ಲೇ ಕಂಡ್ರ ಗಾಡಿ ಸಮೇತ ಹೊಳ್ಯಾಗ ನೂಕೂದ” ಎಂದು ನಗುತ್ತ ಹೋದರಂತೆ.

ಬೆಳಿಗ್ಗೆ ನೀವು ಪಂಪು ಹಿಡಿದು ಬೆವರುತ್ತಿದ್ದಾಗ ಕಾಕಾ ನಿಮ್ಮ ಗುರುತು ಹಿಡಿದರು. ನೀವು ಚಹಾ ಕೊಟ್ಟಿರಿ. “ಶಿವರಾಜಪ್ಪಗ ಹೇಳಬೇಕಂತ ಬಾಯಿ ತನಕಾ ಬಂದಿತ್ತವ್ವಾ, ಚಹಾದ ಜೋಡಿ ನುಂಗಿಬಿಟ್ಟೆ” ಎಂದರು. ಅವರ ಹಿಂಡು ವರ್ಷಪೂರ್ತಿ ನಮ್ಮ ಅಣ್ಣನ ಹೊಲಗಳಲ್ಲೇ ತಂಗುತ್ತದೆ. ಅವರು ಬಾಯಿ ಬಿಡುವುದಿಲ್ಲ. ಒಂದು ಪತ್ರ ಒಯ್ದು ಕೊಡಲು ಮಾತ್ರ ಒಪ್ಪಿದ್ದಾರೆ.

ನೀವು ನನ್ನ ನಂಬರು ಬ್ಲಾಕ್ ಮಾಡಿ ಹದಿನಾಲ್ಕು ತಿಂಗಳಾಯಿತು. ಅಪೂರ್ವ ನಿಮ್ಮೊಡನೆ ಮಾತಾಡುವುದು ಅಣ್ಣನ ಫೋನಿನಿಂದ, ಅವನ ಎದುರಿಗೆ. ಅದಕ್ಕೇ ಪತ್ರ ಬರೆಯುತ್ತಿದ್ದೇನೆ.

ಶನಿವಾರ ಮಗಳನ್ನು ಕರೆದೊಯ್ಯುವ ತನಕ ನೀವು ತಂಗಿರುವ ಹೊಳೆಯ ತಿರುವಿನಿಂದ ವಾರಕ್ಕೆ ಎರಡು ಮೂರು ರಾತ್ರಿ ಮರಳು ಕದ್ದು ಸಾಗಿಸುತ್ತಾರೆ. ಆ ಜನ ನಿಮ್ಮ ವ್ಯಾನನ್ನು ಮರಳು ಹಿಡಿಯಲು ಬಂದ ಅಧಿಕಾರಿಗಳ ಗಾಡಿ ಎಂದು ತಿಳಿದಿದ್ದಾರೆ. ಹಾಗೆ ತಿಳಿಯಲು ಕಾರಣ ನೀವೇ. ಕಳೆದ ತಿಂಗಳು ನಿಮ್ಮ ಜೊತೆ ಒಂದು ರಾತ್ರಿ ಇದ್ದು ಬಂದ ಅಪೂರ್ವ, ಹೊರಗೆ ತಂಗುವಾಗ ನೀವು ಪಾಲಿಸುವ ನಿಯಮಗಳನ್ನು ಮಗ್ಗಿಯಂತೆ ಒಪ್ಪಿಸಿದಳು. ಕತ್ತಲಾದ ಮೇಲೆ ಬರಬೇಕು. ರಸ್ತೆಗೆ ಕಾಣದಂತೆ ನಿಲ್ಲಿಸಬೇಕು. ವ್ಯಾನಿನ ಮುಖ ಹೊರದಾರಿಗೇ ಇರಬೇಕು. ಪರದೆ ಎಳೆದು ದೀಪ ಆರಿಸಬೇಕು, ಒಳಗಿನಿಂದ ಚಿಲಕ ಹಾಕಬೇಕು. ಎಲ್ಲಿದ್ದೇವೆಂದು ಯಾರಿಗೂ ಹೇಳಬಾರದು. ಪುಣೆಯ ಜನ ನಿಮ್ಮ ವ್ಯಾನು ಬಾಡಿಗೆಗೆ ಒಯ್ಯುವ ಬೆಟ್ಟಗಳಲ್ಲಿ ಇವು ಸರಿ ಇರಬಹುದು. ಬೇಸಿಗೆಯಲ್ಲಿ ಕೃಷ್ಣೆಯ ದಂಡೆಯಲ್ಲಿ ಹಾಗೆ ನಿಲ್ಲುವುದು ಹೊಂಚು ಹಾಕಿದ ಗಾಡಿ ಮಾತ್ರ. ಅದೂ ಬಿಳಿ ವ್ಯಾನು, ಮೊದಲು ಸರ್ಕಾರಿ ಗುತ್ತಿಗೆಯಲ್ಲಿ ಓಡಿದ್ದು. ಒಳಗೆ ನೀವು ಹಾಸಿಗೆ, ಒಲೆ ಕೂರಿಸಿದ್ದು ಹೊರಗಿನವರಿಗೆ ಕಾಣುವುದಿಲ್ಲ. ನೀವು ಕೆರೆದು ತೆಗೆದ ಸರ್ಕಾರದ ಅಕ್ಷರಗಳು ಟಾರ್ಚಿನ ಬೆಳಕಿಗೆ ಇನ್ನೂ ಕಾಣುತ್ತವಂತೆ.

ನಮ್ಮ ಕಡೆ ಬಯಲಲ್ಲಿ ಮಲಗುವವರು ಅಡಗುವುದಿಲ್ಲ. ಕುರಿಯವರಾಗಲಿ, ಕಬ್ಬು ಕಡಿಯುವವರಾಗಲಿ ಮೊದಲು ಊರೊಳಗೆ ಹೋಗಿ ತಾವು ಯಾರ ಪೈಕಿ ಎಂದು ಹೇಳುತ್ತಾರೆ, ನೀರು ಕೇಳುತ್ತಾರೆ, ಬಂದು ಒಲೆ ಹಚ್ಚುತ್ತಾರೆ. ಬೆಂಕಿ ಕಂಡ ದಾರಿಹೋಕರು “ಯಾರ್ರೀ ಅಲ್ಲಿ? ಊಟ ಆತೇನ್ರೀ?” ಎಂದು ಕೂಗಿ ಹೋಗುತ್ತಾರೆ. ಕತ್ತಲಲ್ಲಿ ಕೂತವರನ್ನು ಯಾರೂ ಊಟದ ಮಾತು ಕೇಳುವುದಿಲ್ಲ. ಆದ್ದರಿಂದ ಪತ್ರ ಸಿಕ್ಕ ಕೂಡಲೇ ಅಲ್ಲಿಂದ ಹೊರಡಿ. ಯಡೂರಿಗೆ ಹೋಗಿ ಗುಡಿಯ ಮುಂದೆ, ಪರವೂರಿನ ಭಕ್ತರು ಮಲಗುವಲ್ಲಿ ನಿಲ್ಲಿಸಿ. ಇಲ್ಲವೇ ಕಾಗವಾಡದ ಆಬಾಸಾಹೇಬರ ಒಣದ್ರಾಕ್ಷಿ ಶೆಡ್ಡಿನ ಅಂಗಳಕ್ಕೆ ಹೋಗಿ. ನಿಮ್ಮ ಗುರುತಿನವರು, ಬೇಡ ಎನ್ನುವುದಿಲ್ಲ. ದೀಪ ಹಚ್ಚಿಕೊಂಡೇ ಮಲಗಿ.

ಇದೆಲ್ಲ ನನಗೆ ಹೇಗೆ ಗೊತ್ತು ಎಂದು ಕೇಳುತ್ತೀರಿ. ಆ ಟ್ರ್ಯಾಕ್ಟರುಗಳು ಹೊರಡುವುದು ಈ ಮನೆಯ ಅಂಗಳದಿಂದ.

ಎರಡು ವರ್ಷದ ಹಿಂದೆ ನಿಪ್ಪಾಣಿಯಲ್ಲಿ, ಅಪೂರ್ವಳ ಹುಟ್ಟುಹಬ್ಬದ ಪಂಕ್ತಿಯಲ್ಲಿ ಎಲ್ಲರ ಮುಂದೆ ನೀವು ಈಶ್ವರಣ್ಣನಿಗೆ “ಹೊಳಿ ತಿಂದ ಬಾಯಿಗಿ ಹೋಳಗಿ ಎದಕ್ಕ?” ಎಂದಿರಿ. ಅಣ್ಣ ಎಲೆ ಬಿಟ್ಟು ಎದ್ದ. ನಾನು ನಿಮ್ಮನ್ನು ಸುಳ್ಳುಗಾರ ಎಂದು ಮಗಳ ಕೈ ಹಿಡಿದು ಅವನ ಜೀಪು ಹತ್ತಿದೆ. ನೀವು ಅಂದದ್ದು ಖರೆ ಎಂದು ತಿಳಿಯಲು ನನಗೆ ಇಲ್ಲಿ ಎರಡು ರಾತ್ರಿ ಸಾಕಾಯಿತು. ಒಪ್ಪಿಕೊಳ್ಳಲು ಎರಡು ವರ್ಷ ಬೇಕಾಯಿತು. ಪೊಲೀಸರ ಬಳಿ ಹೋಗಿ ಎಂದು ಬರೆಯುವ ಧೈರ್ಯ ಈಗಲೂ ಇಲ್ಲ. ನನಗೂ ಅಪೂರ್ವಳಿಗೂ ಸದ್ಯ ಇರುವ ಸೂರು ಇದೊಂದೇ.

ವ್ಯಾನು ನಿಮ್ಮದೆಂದು ಅಣ್ಣನಿಗೆ ಗೊತ್ತಿಲ್ಲ. ಮಗಳನ್ನು ಕರೆದೊಯ್ಯಲು ನೀವು ಬಸ್ಸಿನಲ್ಲೇ ಬರುತ್ತೀರಿ. ಮಾಮಾನ ಮುಂದೆ ವ್ಯಾನಿನ ಸುದ್ದಿ ಎತ್ತಬೇಡ ಎಂದು ಅವಳಿಗೂ ಹೇಳಿಟ್ಟಿದ್ದೇನೆ. ಆದರೆ ಇನ್ನು ಮುಚ್ಚಿಡುವುದು ಸರಿಯಲ್ಲ ಎನಿಸುತ್ತದೆ. ಇಂದು ರಾತ್ರಿ ಊಟಕ್ಕೆ ಕೂತಾಗ ನಾನೇ ಹೇಳುತ್ತೇನೆ. ಎಷ್ಟು ಸಿಟ್ಟಿದ್ದರೂ ನೀವು ಈ ಮನೆಯ ಅಳಿಯ. ಅಧಿಕಾರಿ ಅಲ್ಲ, ಶಿವರಾಜ ಎಂದು ತಿಳಿದರೆ ನಕ್ಕು ತನ್ನ ಜನರನ್ನು ತಡೆಯುತ್ತಾನೆ ಎಂದುಕೊಂಡಿದ್ದೇನೆ.

ಅಪೂರ್ವ ಶನಿವಾರಕ್ಕೆಂದು ಈಗಲೇ ಚೀಲ ಕಟ್ಟಿಟ್ಟಿದ್ದಾಳೆ. ಈ ಸಲ ಅವಳನ್ನು ಬಿಡಲು ಬಸ್ ಸ್ಟ್ಯಾಂಡಿಗೆ ನಾನೂ ಬರುತ್ತೇನೆ. ನೀವು ಮಾತಾಡಿದರೆ ಮಾತಾಡುತ್ತೇನೆ.

ಇಂತಿ,
ಸ್ನೇಹಲ

ತಾ.ಕ.: ಗುರುವಾರ ಬೆಳಿಗ್ಗೆ ಎಂಟು ಗಂಟೆ. ನಿನ್ನೆ ಊಟದಲ್ಲಿ ಹೇಳಿದೆ. ಅಣ್ಣ ನಗಲಿಲ್ಲ. ರೊಟ್ಟಿ ಮುರಿಯುವ ಕೈ ನಿಲ್ಲಿಸಿ, “ಒಳಗಿಂದ ಚಿಲಕಾ ಹಾಕೊಂಡ ಮಲಗತಾನೇನು?” ಎಂದು ಕೇಳಿದ. ನಿಮ್ಮ ಕಾಳಜಿಯಿಂದ ಕೇಳುತ್ತಿದ್ದಾನೆ ಎಂದುಕೊಂಡು ಹೌದೆಂದೆ. ಮಲಗುವ ಭಾಗಕ್ಕೆ ಇರುವುದು ಒಂದೇ ಬಾಗಿಲು, ಅದು ಎಡಕ್ಕೆ ಎಂದೂ ಹೇಳಿದೆ. ಕೈ ತೊಳೆದು ಬಂದು, “ಶನಿವಾರ ಅಪ್ಪನ ಹಾದಿ ಕಾಯೂದ ಬ್ಯಾಡಂತ ಹುಡುಗಿಗಿ ಹೇಳಿಬಿಡು” ಎಂದ. ನನ್ನ ಫೋನು ತೆಗೆದುಕೊಂಡ. ಗೇಟಿಗೆ ಬೀಗ ಹಾಕಿಸಿದ.

ಈಗ ಅಂಗಳದಲ್ಲಿ ಡ್ರೈವರ್ ಕಾಮಣ್ಣ ದೊಡ್ಡ ಟ್ರ್ಯಾಕ್ಟರಿನ ಮುಂದೆ ಮಣ್ಣು ನೂಕುವ ಕಬ್ಬಿಣದ ಹಲಗೆ ಜೋಡಿಸುತ್ತಿದ್ದಾನೆ. “ಉಸುಕ ತುಂಬಾಕ ಇದ್ಯಾಕ್ರಿ ಮಾಲಕರ?” ಎಂದು ಕೇಳಿದ. ಅಣ್ಣ ಬೋಲ್ಟು ಬಿಗಿ ಎಂದು ಸ್ಪ್ಯಾನರ್ ಅವನ ಕೈಗಿಟ್ಟ.

ಬೀರದೇವ ಕಾಕಾ ಹಿತ್ತಲ ಬೇಲಿಗೆ ಬಂದು ಈ ಪತ್ರ ಒಯ್ಯುತ್ತಾರೆ. ಹಿಂಡು ಬಿಟ್ಟು ಒಬ್ಬರೇ ಹೊರಟರೆ ಅಣ್ಣನ ಜನ ಕೇಳುತ್ತಾರೆ, ಆದ್ದರಿಂದ ಕುರಿಗಳ ಜೊತೆ ನಡೆದೇ ಬರಬೇಕು. ಅವರು ಹೊಳೆಯ ತಿರುವು ಮುಟ್ಟುವುದು ಶುಕ್ರವಾರ ರಾತ್ರಿ ಒಂಬತ್ತಕ್ಕೆ. ಟ್ರ್ಯಾಕ್ಟರುಗಳು ಹೊಳೆಗೆ ಇಳಿಯುವುದು ಅದೇ ರಾತ್ರಿ ಹತ್ತಕ್ಕೆ.